ತೀತಾ ಅಡ್ಡ ಬಂದ ಭಾನುವಾರ

ನೈರೋಬಿಯ ಲೊರೆಶೋದ ನಮ್ಮ ಕಾಂಪೌಂಡಿನಲ್ಲಿ ಭಾನುವಾರ ಬೆಳಿಗ್ಗೆ ಗಂಡಸರು ಕ್ರಿಕೆಟ್ ಆಡುತ್ತಿದ್ದರು. ಹೆಚ್ಚುಕಮ್ಮಿ ಎಲ್ಲರೂ ನಮ್ಮ ಕಡೆಯವರೇ: ಬ್ಯಾಂಕಿನವರು, ಟೆಲಿಕಾಂನವರು, ನನ್ನ ಗಂಡನ ಹಾಗೆ ಔಷಧಿ ಕಾರ್ಖಾನೆಯವರು. ಆಟ ಮುಗಿದ ಮೇಲೆ ಒಬ್ಬರ ಮನೆಯಲ್ಲಿ ತಿಂಡಿ. ಆವತ್ತು ನಮ್ಮ ಮನೆಯ ಸರದಿ. ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಾಗ ಹೊರಗೆ ಅಸ್ಕಾರಿಯ ಸೀಟಿ ಕೇಳಿಸಿತು. ಗೇಟು ಕಾಯುವವನನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅದರ ಬೆನ್ನಿಗೇ 'ಮ್ವಿಝಿ! ಮ್ವಿಝಿ!' ಎಂಬ ಕೂಗು. ಕಳ್ಳ, ಕಳ್ಳ. ನೈರೋಬಿಗೆ ಬಂದವರು 'ಅಸಾಂಟೆ', ಅಂದರೆ ಧನ್ಯವಾದ, ಆದ ಮೇಲೆ ಕಲಿಯುವ ಮಾತು ಬಹುಶಃ ಅದೇ.

ಕೆಲವು ವಾರಗಳ ಹಿಂದೆ ಪಕ್ಕದ ಕಾಂಪೌಂಡಿಗೆ ನುಗ್ಗಿದವರು ಒಬ್ಬ ವೃದ್ಧರನ್ನು ಕುರ್ಚಿಗೆ ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಹಲ್ಲು ಉದುರುವಂತೆ ಹೊಡೆದು ಹೋಗಿದ್ದರು. ಅಂದಿನಿಂದ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. 'ಪೊಲೀಸರಿಗೆ ಕೊಟ್ಟು ಏನು ಪ್ರಯೋಜನ? ಸಿಕ್ಕಿದ್ರೆ ಕೈಕಾಲು ಮುರಿದು ಬಿಸಾಕ್ಬೇಕು' ಎಂದು ಎದುರು ಮನೆಯವರು ಬರೆದಿದ್ದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಮೆತ್ತಗಿನ ಮಾತು, ಶ್ರಾವಣದಲ್ಲಿ ಈರುಳ್ಳಿಯನ್ನೂ ಬಿಡುವ ಮನುಷ್ಯ. ಆ ಮಾತಿಗೆ ಹೆಬ್ಬೆರಳೆತ್ತಿದವರಲ್ಲಿ ನನ್ನ ಗಂಡನೂ ಇದ್ದ.

ನಾನು ಸೌಟು ಹಿಡಿದೇ ಹೊರಗೆ ಓಡಿದೆ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ಎದುರು ಮನೆಯ ಹಿಂಬಾಗಿಲಿನಿಂದ ಲ್ಯಾಪ್‌ಟಾಪ್ ಬ್ಯಾಗು ಎತ್ತಿಕೊಂಡು, ಗೋಡೆ ಹಾರಲು ಹೋಗಿ, ಮೇಲಿನ ತಂತಿಗೆ ಹೆದರಿ ಆಟದ ಬಯಲಿಗೇ ಓಡಿಬಂದಿದ್ದ. ಅವನಿಗೆ ಅದಕ್ಕಿಂತ ಕೆಟ್ಟ ಜಾಗ ಸಿಗುತ್ತಿರಲಿಲ್ಲ. ಯಾರೋ ಕಿತ್ತ ಸ್ಟಂಪನ್ನು ಅವನ ಕಾಲಿಗೆ ಎಸೆದರು. ಮುಗ್ಗರಿಸಿ ಬಿದ್ದ. ಬ್ಯಾಗು ಒಂದು ಕಡೆ, ಅವನ ಚಪ್ಪಲಿ ಒಂದು ಕಡೆ. ಬ್ಯಾಗು ಸಿಕ್ಕಿತಲ್ಲ, ಅಲ್ಲಿಗೆ ಮುಗಿಯಬಹುದಿತ್ತು.

ಮುಗಿಯಲಿಲ್ಲ. ಮೊದಲ ಒದೆತ ಎದುರು ಮನೆಯವರದ್ದು. ಆಮೇಲೆ ಯಾರೂ ಯಾರನ್ನೂ ನೋಡಲಿಲ್ಲ. ಸ್ಟಂಪು, ಬ್ಯಾಟು, ಶೂ ಹಾಕಿದ ಕಾಲು. ಬ್ಯಾಟು ಮೂಳೆಗೆ ತಾಗುವ ಸದ್ದು ಹಸಿ ಕಟ್ಟಿಗೆ ಒಡೆದ ಹಾಗಿರುತ್ತದೆ. ಅವನು ಮೊದಲು ಕೂಗಿದ, ಆಮೇಲೆ ಕೈಗಳಿಂದ ತಲೆ ಮುಚ್ಚಿಕೊಂಡು 'ಬಾಸಿ, ಬಾಸಿ' ಎನ್ನತೊಡಗಿದ. ಸಾಕು, ಸಾಕು ಎಂದು. ಕೈಗಳ ಮೇಲೆ ಹೊಡೆದರು. ಬೆರಳು ಮುರಿದು ಕೈ ಜಾರಿದಾಗ ಮುಖ ಬಯಲಾಯಿತು.

ಆ ಗುಂಪಿನಲ್ಲಿ ನನ್ನ ಗಂಡನನ್ನು ಹುಡುಕಿದೆ. ಜಿರಲೆಯನ್ನು ಮೊರದಲ್ಲಿ ಹಿಡಿದು ಹೊರಗೆ ಬಿಡುವವನು. ಮನೆಗೆ ಮೊಟ್ಟೆ ಬರಬಾರದೆಂದು ಮಗಳ ಹುಟ್ಟುಹಬ್ಬದ ಕೇಕನ್ನೂ ಮೂರು ಅಂಗಡಿ ಸುತ್ತಿ ತರುವವನು. 'ನಮ್ಮ ವಂಶದಲ್ಲಿ ಯಾರೂ ಕೈ ಎತ್ತಿದೋರಲ್ಲ' ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಅವನ ಎರಡೂ ಕೈ ತಲೆಯ ಮೇಲಿತ್ತು, ಕೈಯಲ್ಲಿ ಬ್ಯಾಟಿತ್ತು. ಕತ್ತಿನ ನರ ಉಬ್ಬಿತ್ತು. ಬಾಯಲ್ಲಿ ಬರುತ್ತಿದ್ದ ಬೈಗುಳ ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾನು ಕೇಳಿದ್ದಲ್ಲ.

"ರೀ, ಬಿಡ್ರೀ! ಸತ್ತೋಗ್ತಾನೆ!" ಎಂದು ಅಂಗಿ ಹಿಡಿದು ಎಳೆದೆ. ಮೊಣಕೈಯಿಂದ ನನ್ನನ್ನು ತಳ್ಳಿದ. ಹುಲ್ಲಿನ ಮೇಲೆ ಬಿದ್ದೆ; ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚಿತು. ಬಿದ್ದಲ್ಲಿಂದಲೇ ನೋಡಿದೆ, ಬ್ಯಾಟಿನ ಅಂಚು ಆ ಮನುಷ್ಯನ ಕಣ್ಣಿಗೆ ಇಳಿಯಿತು.

ಆಗ ತೀತಾ ಬಂದಳು.

ಅವಳು ನಮ್ಮ ಪಕ್ಕದ ಮನೆಯವಳು. ಫಿಲಿಪೀನ್ಸಿನವಳು, ಲ್ಯಾವಿಂಗ್ಟನ್ನಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದಳು. ನನ್ನ ಮಗಳಿಗೂ ಪಿಯಾನೊ ಹೇಳಿಕೊಡುತ್ತಿದ್ದಳು. ಅವರ ಭಾಷೆಯಲ್ಲಿ ತೀತಾ ಎಂದರೆ ಚಿಕ್ಕಮ್ಮನೂ ಹೌದು, ಅತ್ತೆಯೂ ಹೌದು. ಕಾಂಪೌಂಡಿನ ಮಕ್ಕಳೆಲ್ಲ ಹಾಗೆ ಕರೆದು ದೊಡ್ಡವರಿಗೂ ಅದೇ ರೂಢಿಯಾಗಿತ್ತು. ನನ್ನನ್ನು ಅವಳು 'ಆತೆ' ಅನ್ನುತ್ತಿದ್ದಳು. ಅಕ್ಕ ಎಂದರ್ಥ. ನಮ್ಮಲ್ಲಿ ಅತ್ತೆ ಎಂದರೆ ಯಾರು ಎಂದು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನನ್ನ ಗಂಡ 'ಕುಯಾ', ಅಣ್ಣ. ಊರಿಂದ ಬಂದ ನನ್ನ ನಿಜವಾದ ಅತ್ತೆಯ ಕೈಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡು ನಮಸ್ಕರಿಸಿದ್ದಕ್ಕೆ, 'ಎಷ್ಟು ಸಂಸ್ಕಾರ ನೋಡು' ಎಂದು ಅವರು ದಿನವಿಡೀ ಹೇಳಿದ್ದರು. ತೀತಾ ಗಟ್ಟಿಯಾಗಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಜಗಳವೆಂದರೆ ಅವಳಿಗೆ ಆಗದು, ಬೇಸರವಾದರೂ ನಗುತ್ತಿದ್ದಳು.

ಚರ್ಚಿಗೆ ಹೊರಟಿದ್ದಳು ಅಂತ ಕಾಣುತ್ತದೆ, ಇಸ್ತ್ರಿ ಮಾಡಿದ ಬಿಳಿ ಉಡುಪಿನಲ್ಲಿದ್ದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಗುಂಪಿನ ಕಾಲುಗಳ ನಡುವೆ ನುಸುಳಿ ಆ ಮನುಷ್ಯನ ಮೇಲೆ ಬೋರಲು ಬಿದ್ದಳು. ಮೇಲಕ್ಕೆದ್ದಿದ್ದ ಬ್ಯಾಟು ಇಳಿಯಿತು. ಅವಳ ಎಡ ಹೆಗಲಿನ ಮೇಲೆ. ಅದೂ ನನ್ನ ಗಂಡನ ಬ್ಯಾಟೇ.

ಅವಳು ಒಮ್ಮೆ ಚೀರಿದಳು. ಎಲ್ಲರೂ ನಿಂತರು. ಹಿಂದೆ ಸರಿದವರ ಮುಖದಲ್ಲಿ ಬೆವರು, ಬಿಳಿ ಟೀಶರ್ಟುಗಳ ಮೇಲೆ ರಕ್ತದ ಹನಿ. ನಮ್ಮ ಮನೆಯ ಕಿಟಕಿಯಲ್ಲಿ ಮಗಳು ನಿಂತಿದ್ದಳು.

"ಯಾರಾದರೂ ಕಾರು ತನ್ನಿ," ಎಂದಳು ತೀತಾ. ಯಾರೂ ಅಲ್ಲಾಡಲಿಲ್ಲ. ನಾನು ಕೀ ತಂದೆ. ಅಸ್ಕಾರಿ ಮತ್ತು ನಾನು ಸೇರಿ ಅವನನ್ನು ಹಿಂದಿನ ಸೀಟಿಗೆ ಹಾಕಿದೆವು. ತೀತಾ ಪಕ್ಕದಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎದುರು ಮನೆಯವರು ಕಾರಿಗೆ ಅಡ್ಡ ಬಂದು ಬಾನೆಟ್ ಮೇಲೆ ಮುಷ್ಟಿಯಿಂದ ಗುದ್ದಿದರು.

"ಕಳ್ಳನ್ನ ಕಾರಲ್ಲಿ ಕೂರಿಸ್ಕೊಂಡು ಹೋಗ್ತೀರಾ ಮೇಡಂ? ನಾಳೆ ನಿಮ್ಮನೆಗೇ ಬರ್ತಾನೆ!"

"ಪಕ್ಕಕ್ಕೆ ಹೋಗಿ ಸರ್," ಎಂದೆ. ಹೋಗಲಿಲ್ಲ. ಕಾರು ಮುಂದೆ ಬಿಟ್ಟೆ. ಅವರ ಮೊಣಕಾಲಿಗೆ ಬಂಪರ್ ತಾಗಿದ ಮೇಲೆ ಹಾರಿ ಪಕ್ಕಕ್ಕೆ ಸರಿದರು.

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಗೊರಗೊರ ಸದ್ದು. ತೀತಾ ಅವನಿಗೆ ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು. ಅವನಿಗೆ ಅರ್ಥವಾಗುವ ಮಾತಲ್ಲ ಅದು. ಅವಳ ಒಂದು ತೋಳು ಚೀಲದ ಹಾಗೆ ಜೋತುಬಿದ್ದಿತ್ತು.

ಆಸ್ಪತ್ರೆಯವರು ಅವನ ಒಂದು ಕಣ್ಣು ಉಳಿಯುವುದಿಲ್ಲ ಎಂದರು. ದವಡೆ ಮುರಿದಿತ್ತು. ತೀತಾಳ ಹೆಗಲ ಮೂಳೆ ಎರಡು ತುಂಡಾಗಿತ್ತು. ಪೊಲೀಸನೊಬ್ಬ ಬಂದು ಪ್ರಜ್ಞೆ ಸರಿಯಾಗಿ ಬಾರದ ಆ ಮನುಷ್ಯನ ಕೈಯನ್ನು ಮಂಚದ ಕಂಬಿಗೆ ಬೇಡಿಯಿಂದ ಸಿಕ್ಕಿಸಿದ. ಮುರಿದ ಬೆರಳುಗಳ ಕೈಯನ್ನೇ. ನರ್ಸು ಜಗಳವಾಡಿ ಇನ್ನೊಂದು ಕೈಗೆ ಹಾಕಿಸಿದಳು.

ಮಧ್ಯಾಹ್ನ ಅವನ ತಾಯಿ ಬಂದಳು. ತಲೆಗೆ ಬಟ್ಟೆ ಸುತ್ತಿದ, ಎತ್ತರದ ಹೆಂಗಸು. ಮಗನ ಮುಖವನ್ನು ಬಗ್ಗಿ ನೋಡಿ ಇವನೇ ಹೌದೋ ಅಲ್ಲವೋ ಎಂದು ಅನುಮಾನಿಸಿ, ಕಿವಿ ಮುಟ್ಟಿ ನೋಡಿ ಖಚಿತ ಮಾಡಿಕೊಂಡಳು. ಅಳಲಿಲ್ಲ. ನಮ್ಮ ಕಡೆ ತಿರುಗಿ ಸ್ವಾಹಿಲಿಯಲ್ಲಿ ಮಾತಾಡಿದಳು. ನರ್ಸು ಇಂಗ್ಲಿಷಿನಲ್ಲಿ ಹೇಳಿದಳು.

"ನನ್ನ ಮಗ ಕದ್ದ. ಅದಕ್ಕೆ ನಿಮ್ಮ ಹತ್ತಿರ ಕ್ಷಮೆ ಕೇಳುತ್ತೇನೆ. ಕದ್ದದ್ದಕ್ಕೆ ಅವನು ಜೈಲಿಗೆ ಹೋಗುತ್ತಾನೆ. ಅವನ ಕಣ್ಣಿಗೆ ಯಾರು ಜೈಲಿಗೆ ಹೋಗುತ್ತಾರೆ?"

ನಾನು ತೀತಾಳನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಇಬ್ಬರಿಗೂ ಉತ್ತರ ಗೊತ್ತಿತ್ತು.

ಮನೆಗೆ ಬಂದಾಗ ನನ್ನ ಗಂಡ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಸೋಫಾದಲ್ಲಿ ಕೂತಿದ್ದ. ಬ್ಯಾಟನ್ನು ತೊಳೆದು ಬಚ್ಚಲ ಗೋಡೆಗೆ ಒರಗಿಸಿದ್ದ. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಅವನ ಕಣ್ಣು ಹೋಯ್ತು," ಎಂದೆ.

"ಗುಂಪಲ್ಲಿ ಯಾರ ಏಟು ಯಾರಿಗೆ ಬಿತ್ತು ಅಂತ ಹೇಳಕ್ಕಾಗುತ್ತಾ?"

"ನಾನು ನೋಡಿದೆ."

ಎದುರಿಗಿದ್ದ ಸ್ಟೀಲ್ ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಿದ. ಇಡ್ಲಿ ಚೂರುಚೂರಾಯಿತು, ಚಟ್ನಿ ದೇವರ ಪಟದವರೆಗೂ ಸಿಡಿಯಿತು. "ಅವ್ರು ಆ ಮುದುಕನ ಹಲ್ಲು ಉದುರಿಸ್ದಾಗ ಎಲ್ಲೋಗಿತ್ತು ನಿನ್ನ ಕರುಣೆ? ನಾಳೆ ನಿನಗೆ, ನಮ್ ಮಗಳಿಗೆ ಏನಾದ್ರೂ ಆಗಿದ್ರೆ?" ಎನ್ನುತ್ತ ಎದ್ದು ಬಂದು ಮುಷ್ಟಿ ಎತ್ತಿದ. ನಾನು ಕದಲಲಿಲ್ಲ. ಮುಷ್ಟಿ ನನ್ನ ಕಿವಿಯ ಪಕ್ಕದ ಬಾಗಿಲಿಗೆ ಬಡಿಯಿತು. ಬಾಗಿಲ ಹಿಂದಿನಿಂದ ಮಗಳು ಕಿರುಚಿದಳು: "ಸ್ಟಾಪ್ ಇಟ್! ಪ್ಲೀಸ್ ಸ್ಟಾಪ್ ಇಟ್!"

ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ಅವಳು. ಅಂದಿನಿಂದ ಅಪ್ಪನಿಗೆ ಯಾವ ಭಾಷೆಯಲ್ಲೂ ಉತ್ತರ ಕೊಡಲಿಲ್ಲ.

ಮರುದಿನ ಸಂಜೆ ಕಾಂಪೌಂಡಿನ ಗಂಡಸರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಹೊರಗಿನ ಜನ ಹೊಡೆದರು, ನಾವು ಬಿಡಿಸಿದೆವು ಎಂದು ಎಲ್ಲರೂ ಒಂದೇ ಮಾತು ಹೇಳುವುದು ಎಂದಾಯಿತು. ಅಸ್ಕಾರಿಗೆ ಕೆಲಸ ಹೋಗುವ ಭಯವಿದೆ, ಅವನು ಬಾಯಿ ಬಿಡುವುದಿಲ್ಲ. ಉಳಿದದ್ದು ತೀತಾ.

"ಅವಳ ಯೋಚನೆ ಬಿಡಿ," ಎಂದ ನನ್ನ ಗಂಡ. "ಅವಳು ಹೇಳಲ್ಲ. ನಮ್ಮ ಋಣ ಇದೆ ಅವಳ ಮೇಲೆ."

ಅದು ಸುಳ್ಳಲ್ಲ. ಹಿಂದಿನ ವರ್ಷ ಶಾಲೆಯ ರಜೆಯಲ್ಲಿ ಅವಳ ಅಪೆಂಡಿಕ್ಸ್ ಒಡೆದಾಗ, ಇವನೇ ಅವಳನ್ನು ಎತ್ತಿಕೊಂಡು ಹೋಗಿ ಆಸ್ಪತ್ರೆ ಸೇರಿಸಿದ್ದ. ಸಂಬಂಧಿಕರು ಯಾರು ಎಂದಾಗ ಅಣ್ಣ ಎಂದು ಬರೆದು ಸಹಿ ಹಾಕಿದ್ದ. ಆಪರೇಷನ್ ಮುಗಿಯುವವರೆಗೂ ನೀರೂ ಕುಡಿಯದೆ ಹೊರಗೆ ಕೂತಿದ್ದ. ಅವನು ಅಂಥವನೂ ಹೌದು. ಆಮೇಲಿಂದ ತೀತಾ ತನ್ನ ಹಬ್ಬಕ್ಕೆಲ್ಲ ಮೊಟ್ಟೆ ಹಾಕದೆ ಬೇರೆಯಾಗಿ ಬೇಯಿಸಿದ ಅಕ್ಕಿ-ತೆಂಗಿನಕಾಯಿಯ ಸಿಹಿ ತರುತ್ತಿದ್ದಳು. ಅವರಲ್ಲಿ ಇದಕ್ಕೊಂದು ಹೆಸರಿದೆ: 'ಉತಾಂಗ್ ನಾ ಲೊಓಬ್', ಒಳಗಿನ ಋಣ. ಜೀವ ಉಳಿಸಿದವರಿಗೆ ಬದುಕಿರುವವರೆಗೂ ತಲೆಬಾಗಬೇಕು ಎಂದು ಅವಳೇ ನಮಗೆ ಹೇಳಿದ್ದಳು.

"ಅವ್ರ ಕಲ್ಚರ್ ನಮ್ ಥರಾನೇ," ಎಂದರು ಎದುರು ಮನೆಯವರು ಸಮಾಧಾನದಿಂದ. "ಉಂಡ ಮನೆಗೆ ದ್ರೋಹ ಬಗೆಯೋರಲ್ಲ."

ತೀತಾ ಆ ವಾರದ ನಡುವೆ ಬಂದಳು. ತೋಳು ಜೋಳಿಗೆಯಲ್ಲಿತ್ತು, ಕತ್ತಿನವರೆಗೂ ಚರ್ಮ ಕಪ್ಪಾಗಿತ್ತು. ನನ್ನ ಗಂಡ ಎದ್ದು ನಿಂತು, ಅವಳು ಬಾಯಿ ತೆರೆಯುವ ಮೊದಲೇ, "ಸಾರಿ, ನೀನು ಬಂದದ್ದು ನನಗೆ ಕಾಣಲಿಲ್ಲ" ಎಂದ. ಅವಳು ತಲೆಯಾಡಿಸಿ, ಕುರ್ಚಿಯ ತುದಿಯಲ್ಲಿ ಕೂತಳು. ಇಂಗ್ಲಿಷಿನಲ್ಲಿ ನಿಧಾನವಾಗಿ, ಪ್ರತಿ ಮಾತನ್ನೂ ಆರಿಸಿಕೊಂಡು ಹೇಳಿದಳು.

"ಕುಯಾ, ನನ್ನ ತಮ್ಮನನ್ನು ನಮ್ಮ ಮನೆಯ ಮುಂದೆಯೇ ಕೊಂದರು. ಬೈಕಿನಲ್ಲಿ ಇಬ್ಬರು ಬಂದರು. ಅವನು ಮಾದಕವಸ್ತು ಮಾರುತ್ತಾನೆ ಎಂದು ಯಾರೋ ಹೇಳಿದ್ದರಂತೆ. ಮೊದಲ ಗುಂಡು ಹೊಟ್ಟೆಗೆ ಬಿತ್ತು. ಅವನು ಬೀದಿಯಲ್ಲಿ ತೆವಳಿಕೊಂಡು ಮೂರು ಮನೆಗಳ ಬಾಗಿಲು ಬಡಿದ. ಆ ಮನೆಯವರೆಲ್ಲ ನಮ್ಮವರೇ. ನಮ್ಮ ಜೊತೆ ಊಟ ಮಾಡಿದವರು, ಪ್ರಾರ್ಥನೆ ಮಾಡಿದವರು. ಒಬ್ಬರೂ ತೆರೆಯಲಿಲ್ಲ. ಬೈಕಿನವರು ತಿರುಗಿ ಬಂದು ತಲೆಗೆ ಗುಂಡು ಹೊಡೆದರು."

ಅವಳ ದನಿ ಏರಲೇ ಇಲ್ಲ. "ಅಮ್ಮ ಬೀದಿ ತೊಳೆದಳು. ಯಾರ ಹತ್ತಿರವೂ ಮಾತಾಡಬೇಡ, ಮಾನ ಹೋಗುತ್ತದೆ ಎಂದಳು. ಆ ಮಾನಕ್ಕೆ ನಾವು 'ಹಿಯಾ' ಎನ್ನುತ್ತೇವೆ. ಒಳ್ಳೆಯ ಮಕ್ಕಳು ಅದನ್ನು ಕಾಪಾಡಬೇಕು. ಎಲ್ಲರೊಂದಿಗೆ ಹೊಂದಿಕೊಂಡು ಹೋಗಬೇಕು. ಮರುದಿನ ಆ ನೆರೆಯವರು ಶವಕ್ಕೆ ಹೂವು ತಂದರು. ನಾನು ಅವರಿಗೆ ಕಾಫಿ ಮಾಡಿಕೊಟ್ಟೆ, ನಗುತ್ತ ಕೊಟ್ಟೆ. ಅದೂ ನನಗೆ ಕಲಿಸಿದ್ದೇ."

ನನ್ನ ಗಂಡ ಏನೋ ಹೇಳಹೊರಟ. ಅವಳು ಕೈ ಎತ್ತಿ ತಡೆದಳು.

"ಪೊಲೀಸರು ಶುಕ್ರವಾರ ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ನಾನು ಕಂಡದ್ದನ್ನು ಹೇಳುತ್ತೇನೆ. ನಿಮ್ಮ ಋಣ ನನ್ನ ಮೇಲಿದೆ, ಅದಕ್ಕೇ ಮೊದಲು ಇಲ್ಲಿಗೆ ಬಂದೆ. ನೀವೇ ಮೊದಲು ಹೋಗಿ. ನಿಮ್ಮ ಬಾಯಿಂದಲೇ ಹೇಳಿ."

"ಋಣ ತೀರಿಸೋ ರೀತಿಯೇ ಇದು?" ಎಂದ ನನ್ನ ಗಂಡ. "ನನ್ನ ಕೆಲಸ ಹೋಗುತ್ತೆ. ಜೈಲಿಗೆ ಹಾಕಬಹುದು. ಅವನು ಕಳ್ಳ! ನೀನು ನನ್ನ ತಂಗಿ ಅಂದ್ಕೊಂಡಿದ್ದೆ."

"ಬೇರೆ ಯಾರೋ ಆಗಿದ್ದರೆ ಸೀದಾ ಸ್ಟೇಷನ್ನಿಗೆ ಹೋಗುತ್ತಿದ್ದೆ," ಎಂದಳು. "ನೀವು ನನ್ನ ಒಡಲು ಉಳಿಸಿದಿರಿ. ನಿಮ್ಮೊಳಗೆ ಇದು ಕೊಳೆಯುವುದನ್ನು ನೋಡಿಕೊಂಡು ನಾನು ನಿಮ್ಮ ಮನೆಯಲ್ಲಿ ನಗುತ್ತ ಕೂತರೆ, ಅದು ಋಣವಲ್ಲ."

ಅವಳು ಹೋದ ಮೇಲೆ ನನ್ನ ಗಂಡ ಬಹಳ ಹೊತ್ತು ಬಯ್ದ. ಅವಳನ್ನು, ಅವಳ ದೇಶವನ್ನು, ನನ್ನನ್ನು. ಆಮೇಲೆ ಊರಿಗೆ, ತಾಯಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿತ್ತು. ಎಲ್ಲ ಹೇಳಿದ, ಕಣ್ಣು ಹೋದದ್ದನ್ನೂ. ಅತ್ತೆ ಕೇಳಿದರು.

"ನೀನಾ? ನೀನು ಹೊಡೆದ್ಯಾ?"

"ಹ್ಞೂಂ ಅಮ್ಮಾ."

"ಯಾರಿಗೂ ಹೇಳ್ಬೇಡ ಕಣೋ. ನಮ್ಮೋರು ಯಾರೂ ಅಂಥೋರಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದಿದೀನಿ."

ಫೋನು ಇಟ್ಟ ಮೇಲೆ ಅವನು ಮಗುವಿನ ಹಾಗೆ ಅತ್ತ. ತಾಯಿ ಬಯ್ದಿದ್ದರೆ ಬಹುಶಃ ಅಳುತ್ತಿರಲಿಲ್ಲ. ಫಿಲಿಪೀನ್ಸಿನ ಆ ತಾಯಿ, ಮೈಸೂರಿನ ಈ ತಾಯಿ, ಇಬ್ಬರೂ ಬೀದಿ ತೊಳೆಯುತ್ತಿದ್ದಾರೆ ಎಂದು ನನಗೆ ಆಗ ಅನಿಸಿತು.

ಗುರುವಾರ ಬೆಳಿಗ್ಗೆ ಅವನು ಬೂಟು ಹಾಕಿಕೊಂಡು, "ಬರ್ತೀಯಾ?" ಎಂದ. ಹೊರಟೆವು. ಗೇಟಿನ ಹತ್ತಿರ ಎದುರು ಮನೆಯವರು ನಮ್ಮ ಕಾರನ್ನು ತಡೆದು ನಿಲ್ಲಿಸಿದರು. ವಿಷಯ ಹೇಗೋ ತಿಳಿದಿತ್ತು. ಕಿಟಕಿಯೊಳಗೆ ಕೈ ಹಾಕಿ ನನ್ನ ಗಂಡನ ಕಾಲರ್ ಹಿಡಿದರು.

"ನಮ್ಮನ್ನೆಲ್ಲ ಮುಳುಗಿಸ್ತೀಯಾ? ಹೆಂಡ್ತಿ ಮಕ್ಕಳು ಇಲ್ವಾ ನಮಗೆ?"

"ನನ್ನದು ಮಾತ್ರ ಹೇಳ್ತೀನಿ. ಬಿಡಿ."

ಕೆನ್ನೆಗೆ ರಪ್ಪನೆ ಬಾರಿಸಿದರು. ಮತ್ತೊಮ್ಮೆ. ಕನ್ನಡಕ ಮುರಿದು ನನ್ನ ಮಡಿಲಿಗೆ ಬಿತ್ತು. ನನ್ನ ಗಂಡನ ಬಲಗೈ ಮೇಲೆದ್ದದ್ದನ್ನು ನೋಡಿದೆ. ಅದು ಸ್ಟಿಯರಿಂಗ್ ಹಿಡಿಯಿತು. ಅಸ್ಕಾರಿ ಗೇಟು ತೆರೆದ.

ಸ್ಟೇಷನ್ನಿನಲ್ಲಿ ಒಳಗಿನ ಕೋಣೆಯಿಂದ ಯಾರಿಗೋ ಹೊಡೆಯುವ ಸದ್ದು ಬರುತ್ತಿತ್ತು. ಪ್ರತಿ ಏಟಿಗೂ ನನ್ನ ಗಂಡನ ಭುಜ ಅದುರುತ್ತಿತ್ತು. ಅಧಿಕಾರಿ ಬೇಸರದಿಂದ, "ಕಳ್ಳನಿಗೆ ಹೊಡೆದೆ ಎಂದು ಹೇಳಿಕೊಳ್ಳಲು ಇಲ್ಲಿಯವರೆಗೆ ಬಂದವರನ್ನು ನಾನು ನೋಡಿಲ್ಲ" ಎಂದ. ನನ್ನ ಗಂಡ ಎಲ್ಲ ಹೇಳಿದ. "ಅವನು ಸಾಕು ಎನ್ನುತ್ತಿದ್ದ. ನನಗೆ ಅರ್ಥವಾಗಿತ್ತು. ಅವನ ಕಣ್ಣು ನನ್ನನ್ನೇ ನೋಡುತ್ತಿತ್ತು, ಅದಕ್ಕೇ ಅಲ್ಲಿ ಹೊಡೆದೆ" ಎಂದ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದ. ನಾನೂ ನೋಡಿದೆ. ಅಷ್ಟನ್ನು ನನಗೂ ಹೇಳಿರಲಿಲ್ಲ.

ತೀತಾ ಶುಕ್ರವಾರ ತನ್ನ ಮಾತಿನಂತೆ ಎಲ್ಲರ ಬಗ್ಗೆಯೂ ಹೇಳಿದಳು. ಅದಾದ ಮೇಲೆ ಅವಳ ಬಾಗಿಲಿಗೆ ಯಾರೋ ಸತ್ತ ಇಲಿ ಕಟ್ಟಿದರು, ನಮ್ಮ ಕಾರಿನ ಟೈರು ಕೊಯ್ದರು. ಮಕ್ಕಳನ್ನು ಅವಳ ಪಾಠದಿಂದ ಬಿಡಿಸಿದರು, ನಮ್ಮ ಮಗಳೊಬ್ಬಳನ್ನು ಬಿಟ್ಟು. ಪ್ರಕರಣ ತಿಂಗಳುಗಟ್ಟಲೆ ಎಳೆಯಿತು. ಕೋರ್ಟು ನನ್ನ ಗಂಡನನ್ನು ಜೈಲಿಗೆ ಕಳಿಸಲಿಲ್ಲ. ತಪ್ಪೊಪ್ಪಿಗೆಯನ್ನು ನೋಡಿ ಪ್ರೊಬೇಷನ್ನಿನಲ್ಲಿಟ್ಟು, ಆ ಮನುಷ್ಯನ ಚಿಕಿತ್ಸೆಯ ಹೊಣೆ ಹೊರಿಸಿತು. ಉಳಿದವರು ವಕೀಲರನ್ನಿಟ್ಟು ಹೇಗೋ ಜಾರಿಕೊಂಡರು. ಕಂಪನಿ ಇವನನ್ನು ಕೆಲಸದಿಂದ ತೆಗೆಯಿತು. ಬಹಳ ದಿನ ಅಲೆದ ಮೇಲೆ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಳಗಿನ ಕೆಲಸ ಸಿಕ್ಕಿತು. ಲೊರೆಶೋ ಬಿಟ್ಟು ಮಟಾಟು ವ್ಯಾನುಗಳ ಹಾರ್ನು ದಿನವಿಡೀ ಕೇಳುವ ಬೀದಿಯ ಫ್ಲಾಟಿಗೆ ಬಂದೆವು.

ಹೊಸ ಮನೆಗೆ ತೀತಾ ಬಂದಿದ್ದಾಗ ನನ್ನ ಗಂಡ, "ಈಗ ನಿನ್ನ ಋಣ, ನನ್ನ ಋಣ ಎರಡೂ ಸರಿಹೋಯಿತಲ್ಲ" ಎಂದ. ಹಗುರಾಗಿ ಹೇಳಿದ್ದು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸರಿಹೋದರೆ ನೀವು ಯಾರೋ, ನಾನು ಯಾರೋ. ಹಾಗೆ ಹೇಳಬೇಡಿ, ಕುಯಾ," ಎಂದಳು. ಅವಳ ಎಡಗೈ ಇವತ್ತಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ.

ಆ ಮನುಷ್ಯ ಕಳ್ಳತನಕ್ಕೆ ಶಿಕ್ಷೆ ಅನುಭವಿಸಿ ಹೊರಗೆ ಬಂದ. ಕೃತಕ ಕಣ್ಣು ಹಾಕಿಸಲು ನನ್ನ ಗಂಡನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಇಬ್ಬರೂ ಮಾತಾಡುವುದಿಲ್ಲವಂತೆ. ಕಳೆದ ಸಲ ಮೆಟ್ಟಿಲ ಮೇಲೆ, ಎಲ್ಲರೆದುರಿಗೆ, ಅವನು ಇದ್ದಕ್ಕಿದ್ದಂತೆ ತಿರುಗಿ ನನ್ನ ಗಂಡನ ಮುಖಕ್ಕೆ ಉಗಿದನಂತೆ. ಸಂಜೆ ಮಗಳಿಗೆ ಚಪಾತಿ ಬಡಿಸುತ್ತ ಇವನೇ ಹೇಳಿದ.

"ನೀವೇನು ಮಾಡಿದ್ರಿ?" ಎಂದೆ.

"ಒರೆಸ್ಕೊಂಡೆ."

"ಅಷ್ಟೇನಾ?"

"ಕೈ ಎದ್ದಿತ್ತು ಕಣೇ," ಎಂದ. "ಜೇಬೊಳಗೆ ಇಟ್ಕೊಂಡೆ. ಡಾಕ್ಟ್ರು ಕರೆಯೋವರೆಗೂ ತೆಗೀಲಿಲ್ಲ."

ಮಗಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಆಮೇಲೆ ಪಲ್ಯದ ಬಟ್ಟಲನ್ನು ಅವನ ಕಡೆ ಸರಿಸಿದಳು.